ಕೆಳಗೆ ಅರಮನೆ, ಮೇಲೆ ಕೋಟೆ

ಬೈರಾಪಟ್ಟಣದಲ್ಲಿರುವ ನನ್ನ ತಮ್ಮನ ಮಗಳು ಕಂಪನಿ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿ ಬಂದಳು. ಯುಗಾದಿಗೆ ಊರಿಗೆ ಬಂದವಳು ಜಗಲಿ ಮೇಲೆ ಕೂತು ಮೊಬೈಲಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು. ಬಿಳಿ ಕಲ್ಲಿನ ಗೋಡೆ, ಬೂದು ಬಣ್ಣದ ಕಡಿದಾದ ಚಾವಣಿ, ಕೆಳಗೆ ತಣ್ಣಗೆ ಹರಿಯುವ ಹೊಳೆ, ಹೊಳೆಯ ಮೇಲೆಯೇ ಕಮಾನು ಕಟ್ಟಿ ನಿಲ್ಲಿಸಿದ ಮಹಡಿ. ನಮ್ಮವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, "ದೇವಸ್ಥಾನವೇನವ್ವ?" ಎಂದು ಕೇಳಿದರು. "ಅಲ್ಲ ಅಜ್ಜಿ, ಮನೆ. ದೊರೆಗಳ ಮನೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಮ್ ಕಡೆ ಇಂಥದ್ದು ಒಂದೂ ಇಲ್ವಲ್ಲ ದೊಡ್ಡಪ್ಪ? ಬರೀ ಬೆಟ್ಟದ ಮೇಲೆ ಮುರುಕಲು ಗೋಡೆ" ಅಂದಳು.

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಕೋಟೆ ಇಲ್ಲ ಅಂದರೆ ಹೇಗಾಗಬೇಡ? ಬೆಂಗಳೂರಿನ ಸುತ್ತ ನವದುರ್ಗಗಳೆಂದು ಹೆಸರಾದ ಒಂಬತ್ತರಲ್ಲಿ ಸಾವನದುರ್ಗ, ಭೈರವದುರ್ಗ, ಕಬ್ಬಾಳದುರ್ಗ ಈ ಮೂರೂ ನಮ್ಮ ನಾಲ್ಕು ತಾಲ್ಲೂಕಿನೊಳಗೇ ಇವೆ. ಇವುಗಳ ಜೊತೆಗೆ ರಾಮದೇವರ ಬೆಟ್ಟದ ಕೋಟೆಯುಂಟು, ಮಾಗಡಿ ಊರಿನ ಕೋಟೆಯುಂಟು. ವಿಜಯನಗರದ ಕಡೆಗಾಲದಲ್ಲಿ ಜಗದೇವರಾಯ ಕಟ್ಟಿಸಿದ ಚನ್ನಪಟ್ಟಣದ ಕೋಟೆಯುಂಟು. ಅದನ್ನು 1630ರಲ್ಲಿ ಮೈಸೂರಿನವರು ಗೆದ್ದುಕೊಂಡರು. ಇಷ್ಟೆಲ್ಲ ಇದ್ದೂ ಮಗುವಿನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ಮನೆ ಉಳಿದಿದೆ, ಇಲ್ಲಿ ಗೋಡೆ ಮಾತ್ರ ಉಳಿದಿದೆ. ಹೀಗೇಕಾಯಿತು?

ಫ್ರೆಂಚರ ಕಡೆಯಿಂದಲೇ ಶುರುಮಾಡೋಣ. ಅವರ ಭಾಷೆಯಲ್ಲಿ ಕೋಟೆಗೂ, ಹಳ್ಳಿಗಾಡಿನ ದೊಡ್ಡ ಬಂಗಲೆಗೂ, ದ್ರಾಕ್ಷಿತೋಟದ ಯಜಮಾನನ ಮನೆಗೂ 'ಶಾತೋ' ಎಂಬುದು ಒಂದೇ ಹೆಸರು. ಅದೊಂದು ಪದದೊಳಗೆ ಆರೇಳು ನೂರು ವರ್ಷದ ಕಥೆ ಅಡಗಿದೆ. ಸಾವಿರ ವರ್ಷದ ಹಿಂದೆ ಶಾತೋ ಎಂದರೆ ಮಣ್ಣು ಪೇರಿಸಿದ ದಿಬ್ಬ, ಅದರ ಮೇಲೊಂದು ಮರದ ಅಟ್ಟಣೆ. ಮರಕ್ಕೆ ಬೆಂಕಿ ಬಿದ್ದರೆ ಮುಗಿಯಿತು, ಹಾಗಾಗಿ ಕಲ್ಲು ಬಂತು. ಲೋಶ್ ಎಂಬಲ್ಲಿ ಫುಲ್ಕ್ ನೆರಾ ಎಂಬ ಪಾಳೆಗಾರ ಹನ್ನೊಂದನೆಯ ಶತಮಾನದ ಮೊದಲಲ್ಲಿ ಕಟ್ಟಿಸಿದ ಚೌಕ ಗೋಪುರ ಇವತ್ತಿಗೂ 36 ಮೀಟರ್ ಎತ್ತರಕ್ಕೆ ನಿಂತಿದೆ. ಪಾಳೆಗಾರ ಎಂಬ ಪದವನ್ನು ಬೇಕೆಂದೇ ಬಳಸಿದೆ. ಮೇಲೊಬ್ಬ ರಾಜ, ಅವನಿಗೆ ಕಪ್ಪ, ಕೈಕೆಳಗೆ ಒಂದಿಷ್ಟು ದಂಡು, ಒಂದಿಷ್ಟು ಸೀಮೆ. ರಾಜ ಬಲಹೀನನಾದ ದಿನ ತಾನೇ ರಾಜ. ಯಲಹಂಕ ನಾಡಪ್ರಭುಗಳ ಚರಿತ್ರೆ ಓದಿದವರಿಗೆ ಇದೇನೂ ಹೊಸದಲ್ಲ.

ಆ ಗೋಪುರದಲ್ಲೇ ದೊರೆ ಉಂಡ, ಮಲಗಿದ, ನ್ಯಾಯ ಹೇಳಿದ, ಮುತ್ತಿಗೆ ಬಿದ್ದಾಗ ಬಾಗಿಲು ಹಾಕಿಕೊಂಡು ಕಾದಾಡಿದ. ಮನೆ ಮತ್ತು ಕೋಟೆ ಒಂದೇ ಗೋಡೆಯೊಳಗಿದ್ದವು. ಹದಿನೈದನೆಯ ಶತಮಾನದಲ್ಲಿ ತೋಪು ಬಲಿತ ಮೇಲೆ ಎತ್ತರದ ಗೋಡೆಗೆ ಬೆಲೆ ಇಲ್ಲದಂತಾಯಿತು. ಆಗ ಅವರು ಕೋಟೆಯನ್ನು ಬಿಟ್ಟುಹೋಗದೆ ಅದನ್ನೇ ಮನೆ ಮಾಡಿಕೊಂಡರು. ಬಾಣ ಬಿಡುವ ಕಿಂಡಿಯನ್ನು ಅಗಲ ಮಾಡಿ ಕಿಟಕಿ ಇಟ್ಟರು. ಕಾವಲಿನ ಬುರುಜು ಮೆಟ್ಟಿಲ ಗೋಪುರವಾಯಿತು, ಕಂದಕ ಕನ್ನಡಿಕೊಳವಾಯಿತು. 1519ರಲ್ಲಿ ಮೊದಲನೆಯ ಫ್ರಾನ್ಸ್ವಾ ದೊರೆ ಶುರುಮಾಡಿಸಿದ ಶಾಂಬೋರ್‌ನಲ್ಲಿ ನಾಲ್ಕು ಮೂಲೆಗೂ ದುಂಡು ಬುರುಜುಗಳಿವೆ, ಆದರೆ ಒಂದರಲ್ಲೂ ತೋಪಿನ ಕೆಲಸವಿಲ್ಲ. ಬೇಟೆಗೆ ಬಂದಾಗ ತಂಗಲು ಕಟ್ಟಿಸಿದ ಮನೆ ಅದು, ಕೋಣೆಗಳು ನಾನೂರಕ್ಕೂ ಹೆಚ್ಚು. ನಡುವೆ ಒಂದನ್ನೊಂದು ಸುತ್ತಿಕೊಂಡು ಏರುವ ಜೋಡಿ ಮೆಟ್ಟಿಲಿದೆ. ಹತ್ತುವವರೂ ಇಳಿಯುವವರೂ ಒಬ್ಬರಿಗೊಬ್ಬರು ಎದುರಾಗದೆ ಹೋಗಿಬಿಡಬಹುದು. ನಮ್ಮ ಹುಡುಗಿಯ ಫೋಟೋದಲ್ಲಿ ಹೊಳೆಯ ಮೇಲೆ ನಿಂತಿದ್ದದ್ದು ಶೆನೊನ್ಸೋ. ಶೇರ್ ನದಿಗೆ ಅಡ್ಡಲಾಗಿ ಸೇತುವೆ ಹಾಕಿಸಿದವಳು ದಿಯಾನ್ ದ ಪ್ವಾತಿಯೇ. ಆ ಸೇತುವೆಯ ಮೇಲೆ ಮಹಡಿ ಎಬ್ಬಿಸಿದವಳು ರಾಣಿ ಕ್ಯಾಥರೀನ್ ದ ಮೆದಿಚಿ.

ಇನ್ನು ಕಲ್ಲು. ಯಾವ ಕಟ್ಟಡದ ರೂಪವೂ ಅದರ ಕಾಲಕೆಳಗಿನ ಕಲ್ಲಿನಲ್ಲೇ ಅರ್ಧ ತೀರ್ಮಾನವಾಗಿರುತ್ತದೆ ಎಂದು ನಂಬಿದವನು ನಾನು. ಲ್ವಾರ್ ನದಿಯ ಸೀಮೆಯ ಕಲ್ಲಿಗೆ ತ್ಯುಫೋ ಎಂದು ಹೆಸರು. ಸುಮಾರು 9 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಸುಣ್ಣದಕಲ್ಲು ಅದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗರಗಸಕ್ಕೆ ಬಗ್ಗುತ್ತದೆ, ಗಾಳಿಗೆ ಒಣಗಿದ ಹಾಗೆ ಗಟ್ಟಿಯಾಗುತ್ತದೆ. ಅಂಥ ಕಲ್ಲು ಕೈಗೆ ಸಿಕ್ಕಿದ ಕಸುಬಿಗ ಹೂವು ಬಳ್ಳಿ ಕೆತ್ತದೆ ಇರುತ್ತಾನೆಯೇ?

ನಮ್ಮದು ರಾಮನಗರದ ಕಲ್ಲು. ಭೂವಿಜ್ಞಾನಿಗಳು ಇದಕ್ಕೆ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಹೆಸರಿಟ್ಟು ಜಗತ್ತಿನ ಪುಸ್ತಕಗಳಿಗೆಲ್ಲ ಸೇರಿಸಿದ್ದಾರೆ. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೆಯ ಹೆಸರು, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ತೆಂಕಣದಿಂದ ಬಡಗಣಕ್ಕೆ ನಾನೂರು ಕಿಲೋಮೀಟರಿನಷ್ಟು ಉದ್ದಕ್ಕೆ ಪಟ್ಟಿಯಂತೆ ಹರಡಿರುವ ಈ ಬಂಡೆಯ ದೊಡ್ಡ ಗುಡ್ಡವೇ ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ, ಹೆಚ್ಚುಕಮ್ಮಿ ಒಂದೇ ಕಲ್ಲು. ಇದರ ಮೇಲೆ ಹೂವು ಬಳ್ಳಿ ಕೆತ್ತಲು ಹೋದರೆ ಉಳಿಯ ಬಾಯಿ ಮುರಿಯುತ್ತದೆ. ದೇವಸ್ಥಾನಕ್ಕಾಗಿ ವರ್ಷಗಟ್ಟಲೆ ಕೂತು ಕೆತ್ತಿದವರು ಇದ್ದಾರೆ, ಆದರೆ ಶತ್ರು ಬರುವ ಮುಂಚೆ ಏಳಬೇಕಾದ ಗೋಡೆಗೆ ಅಷ್ಟು ವ್ಯವಧಾನ ಎಲ್ಲಿಯದು?

ಹಾಗಾದರೆ ಈ ಕಲ್ಲನ್ನು ಹೇಗೆ ತೆಗೆದರು? ಮಾಗಡಿ ಕಡೆಯ ವಯಸ್ಸಾದ ಕಲ್ಲು ಕೆಲಸದವರೊಬ್ಬರು ಒಮ್ಮೆ ನನ್ನನ್ನು ಬಂಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರು. "ಕಲ್ಲಿಗೂ ಪದರ ಇರ್ತದೆ ಸಾಮಿ. ಅದು ಎತ್ಲಾಗೆ ಸೀಳ್ತದೆ ಅಂತ ಮೊದ್ಲು ನೋಡ್ಕಬೇಕು. ನಾವ್ ಹೇಳ್ದಂಗೆ ಅದು ಕೇಳಾಕಿಲ್ಲ, ಅದು ಹೇಳ್ದಂಗೆ ನಾವ್ ಕೇಳ್ಬೇಕು" ಎಂದರು. ಬಂಡೆಯ ಮೇಲೆ ಕಟ್ಟಿಗೆ ಸಾಲಾಗಿ ಹರಡಿ ಬೆಂಕಿ ಹಾಕುತ್ತಾರೆ. ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆಯ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟಿತೋ ಇಲ್ಲವೋ ಎಂಬುದು ಗೊತ್ತಾಗುವುದು ಕಿವಿಯಿಂದ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಬಿಟ್ಟ ಕಲ್ಲು ಟೊಳ್ಳು ದನಿ ಕೊಡುತ್ತದೆ, ಬಿಡದ ಕಲ್ಲು ಗಟ್ಟಿ ದನಿ ಕೊಡುತ್ತದೆ. ದನಿ ಬದಲಾದ ಕಡೆಗೆ ಬೆಂಕಿಯನ್ನು ಸರಿಸುತ್ತಾ ಹೋಗುತ್ತಾರೆ. ಹೀಗೆ ಎದ್ದ ಹಾಸುಗಲ್ಲಿಗೆ ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು, ಒಂದೊಂದಕ್ಕೂ ಸರದಿಯಲ್ಲಿ ಏಟು ಹಾಕಿದರೆ ಕಲ್ಲು ದಾರ ಹಿಡಿದಂತೆ ಸೀಳುತ್ತದೆ. ಸಾವನದುರ್ಗ ಹತ್ತುವಾಗ ಯಾವುದಾದರೂ ಗೋಡೆಗಲ್ಲಿನ ಅಂಚನ್ನು ಬಗ್ಗಿ ನೋಡಿ. ಬೆರಳು ತೂರುವಷ್ಟು ಅಗಲದ ಅರ್ಧಗುಳಿಗಳು ಗೇಣಿಗೊಂದರಂತೆ ಸಾಲಾಗಿ ಕಾಣುತ್ತವೆ. ಗುಳಿಯ ಇನ್ನರ್ಧ ಇರುವುದು ಪಕ್ಕದ ಇನ್ನೊಂದು ಕಲ್ಲಿನಲ್ಲಿ.

ನಮ್ಮ ಸೀಮೆಯ ದುರ್ಗಗಳಲ್ಲಿ ಗೋಡೆಯ ಬುಡ ಇಂಥ ದಪ್ಪ ಕಲ್ಲುಗಳದ್ದು. ಕಲ್ಲಿಗೆ ಕಲ್ಲು ಕೂರಿಸಿ ಸಂದಿಗೆ ಚಕ್ಕೆ ಬಡಿದಿರುತ್ತಾರೆ, ಬಹಳ ಕಡೆ ಗಾರೆಯ ಹಂಗೇ ಇಲ್ಲ. ಮೇಲಿನ ತೆನೆಗೋಡೆ ಮಾತ್ರ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಬಾಗಿಲು ನೇರಕ್ಕೆ ಸಿಗುವುದಿಲ್ಲ. ದಾರಿ ಗೋಡೆಯ ಮಗ್ಗುಲಲ್ಲೇ ಬಂದು ಥಟ್ಟನೆ ತಿರುಗುತ್ತದೆ, ತಿರುವಿನ ಮೇಲೊಂದು ಕೊತ್ತಲ. ಆನೆ ಓಡಿಬಂದು ಹಾಯಲು, ದಿಮ್ಮಿ ಹಿಡಿದು ಓಡಿಬಂದು ಗುದ್ದಲು ಜಾಗವೇ ಇಲ್ಲದಂತೆ ಮಾಡಿದ ಉಪಾಯವಿದು. ಬಂಡೆಯೇ ಕಡಿದಾಗಿರುವ ಕಡೆ ಗೋಡೆ ಕಟ್ಟಲು ಹೋಗಿಲ್ಲ. ಎರಡು ಬಂಡೆಗಳ ನಡುವೆ ಮನುಷ್ಯ ಹತ್ತಬಹುದಾದ ಸಂದು ಎಲ್ಲಿದೆಯೋ ಅಲ್ಲಿ ಮಾತ್ರ ಹೊಲಿಗೆ ಹಾಕಿದಂತೆ ಗೋಡೆ ಹಾಕಿದ್ದಾರೆ. ಈ ಮಿತವ್ಯಯ ನನಗೆ ಶಾಂಬೋರ್‌ನ ಜೋಡಿ ಮೆಟ್ಟಿಲಿಗಿಂತ ದೊಡ್ಡ ವಿದ್ಯೆಯಾಗಿ ಕಾಣುತ್ತದೆ. ಬೆಟ್ಟವನ್ನು ಪೂರ್ತಿ ಓದಿಕೊಂಡವನು ಮಾತ್ರ ಎಲ್ಲಿ ಗೋಡೆ ಬೇಡ ಎಂದು ಹೇಳಬಲ್ಲ. ಅವನ ಹೆಸರು ಯಾವ ಶಾಸನದಲ್ಲೂ ನಾನು ಕಂಡಿಲ್ಲ.

ನೀರಿಗೆ ದೊಣೆಗಳು. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಕಡೆ ಒಂದು ಬದಿಗೆ ಅಡ್ಡಗಟ್ಟೆ ಹಾಕಿದರೆ ಬೇಸಿಗೆವರೆಗೂ ದಂಡಿಗೆ ನೀರು ಉಳಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಹೇಳುವ ನಾಲ್ಕು ಬಗೆಯ ದುರ್ಗಗಳಲ್ಲಿ ಎರಡು ಇಲ್ಲಿ ಒಟ್ಟಿಗೆ ಸೇರಿವೆ. ಬೆಟ್ಟ ಗಿರಿದುರ್ಗವಾದರೆ ಅದರ ಸುತ್ತ ಒತ್ತೊತ್ತಾಗಿ ಬೆಳೆದಿದ್ದ ಬಿದಿರುಮೆಳೆಯ ಕಾಡು ವನದುರ್ಗ.

ಇಲ್ಲಿ ದೊರೆ ಎಲ್ಲಿ ಮಲಗುತ್ತಿದ್ದ? ಮಗುವಿನ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ. ಸಾವನದುರ್ಗವನ್ನೇ ನೋಡಿ. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1340ರ ಮಾಡಬಾಳಿನ ಶಾಸನದಲ್ಲಿ ಈ ಬೆಟ್ಟಕ್ಕೆ 'ಸಾವಂದಿ' ಎಂಬ ಹೆಸರಿದೆ. ಬೆಟ್ಟದ ಬುಡದ ವೀರಭದ್ರನನ್ನು ನಮ್ಮ ಜನ ಇವತ್ತಿಗೂ ಸಾವಂದಿ ವೀರಭದ್ರ ಎಂದೇ ಕರೆಯುತ್ತಾರೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡು ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಯಲಹಂಕ ನಾಡಪ್ರಭುಗಳಾದ ಕೆಂಪೇಗೌಡರ ವಂಶ ಮಾಗಡಿಗೆ ಬಂದು ನೆಲೆನಿಂತಿತು. ಅವರು ಬಾಳಿದ್ದು ಮಾಗಡಿಯಲ್ಲಿ, ಬೆಟ್ಟದ ಬುಡದ ನೆಲಪಟ್ಟಣದಲ್ಲಿ. ಪೇಟೆ, ಕೆರೆ, ಗುಡಿ, ನ್ಯಾಯ, ಮದುವೆ, ಹಬ್ಬ ಎಲ್ಲವೂ ಕೆಳಗೆ. ಕಾಳಗ ಬಂದಾಗ ಮಾತ್ರ ಹೆಂಡಿರು ಮಕ್ಕಳು, ಬೊಕ್ಕಸ, ಧಾನ್ಯ, ಮದ್ದು ಎಲ್ಲ ಮೇಲಕ್ಕೆ. ಫ್ರೆಂಚ್ ಪಾಳೆಗಾರ ಒಂದೇ ಗೋಡೆಯೊಳಗೆ ಇಟ್ಟುಕೊಂಡ ಮನೆಯನ್ನೂ ಕೋಟೆಯನ್ನೂ ನಮ್ಮವರು ಎರಡು ಕಡೆ ಇಟ್ಟರು. ಬಾಳುವುದಕ್ಕೆ ಕೆಳಗೆ ಅರಮನೆ, ಉಳಿಯುವುದಕ್ಕೆ ಮೇಲೆ ಕೋಟೆ.

ಕೆಳಗಿನ ಅರಮನೆಗಳು ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಮಾಳಿಗೆಯವು. ನಮ್ಮ ಹವೆಗೆ ಅದೇ ಸರಿ. ಬೇಸಿಗೆಯಲ್ಲಿ ಮಣ್ಣಿನ ಗೋಡೆಯ ಮನೆಯಷ್ಟು ತಂಪು ಕಲ್ಲಿನ ಮನೆಗೆ ಬಾರದು. ಆದರೆ ಮಣ್ಣಿನ ಮನೆಗೆ ವರ್ಷ ವರ್ಷ ಕೈಯಾಡಿಸುವ ಒಡೆಯ ಬೇಕು. ಒಡೆಯ ಹೋದ ಮೂರು ಮಳೆಗಾಲಕ್ಕೆ ಮಾಳಿಗೆ ಸೋರುತ್ತದೆ, ಆಮೇಲೆ ಗೆದ್ದಲು, ಆಮೇಲೆ ಕಂಬಗಳು ಯಾರದೋ ಮನೆಯ ಕೊಟ್ಟಿಗೆಗೆ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದು, ಕಡೆಯ ಕೆಂಪವೀರಗೌಡರನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದ. ಅಲ್ಲಿಗೆ ಆ ಮನೆಯ ದೀಪ ಆರಿತು. ಮೇಲಿನ ಕೋಟೆ ಮಾತ್ರ ಗೆದ್ದವರಿಗೂ ಬೇಕಿತ್ತು, ಅದಕ್ಕೇ ಉಳಿಯಿತು.

ಆ ದಳವಾಯಿಯ ಹೆಸರು ಇನ್ನೊಂದು ಬೆಟ್ಟದಲ್ಲೂ ಬರುತ್ತದೆ. 1734ರಲ್ಲಿ ಅವನು ಮೈಸೂರಿನ ತನ್ನ ದೊರೆ ಚಾಮರಾಜ ಒಡೆಯರನ್ನೇ ಪಟ್ಟದಿಂದಿಳಿಸಿ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಸೆರೆಗೆ ಕಳಿಸಿದ. ಒಡೆಯರು ಅಲ್ಲೇ ತೀರಿಕೊಂಡರು. ಹತ್ತಲು ಒಂದೇ ದಾರಿಯಿರುವ ಬಂಡೆ, ಕಾಯುವವನಿಗೆ ಎಷ್ಟು ಅನುಕೂಲವೋ ಸೆರೆಯಲ್ಲಿದ್ದವನಿಗೆ ಅಷ್ಟೇ ಯಮಪಾಶ. ಕಬ್ಬಾಳಮ್ಮನ ಜಾತ್ರೆಗೆ ಹೋಗುವ ಸಾವಿರಾರು ಜನ ಆ ಬೆಟ್ಟವನ್ನು ಕತ್ತೆತ್ತಿ ನೋಡುತ್ತಾರೆ. ಅಲ್ಲೊಬ್ಬ ಅರಸು ಕಡೆಯ ದಿನಗಳನ್ನು ಎಣಿಸಿದ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಫ್ರಾನ್ಸಿಗೂ ನಮ್ಮ ಬೆಟ್ಟಕ್ಕೂ ಒಂದು ನಂಟುಂಟು. 1788ರ ಆಗಸ್ಟ್ 10ರಂದು, ಆಗ ಸಾವನದುರ್ಗವನ್ನು ಹಿಡಿದಿದ್ದ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ವರ್ಸೈಯಲ್ಲಿ ಹದಿನಾರನೆಯ ಲೂಯಿ ದೊರೆಯ ಮುಂದೆ ನಿಂತರು. ವರ್ಸೈ ಕೂಡ ಒಂದು ಶಾತೋ, ಬೇಟೆಮನೆಯಾಗಿ ಶುರುವಾಗಿ ದೊಡ್ಡ ಅರಮನೆಯಾಗಿ ಬೆಳೆದದ್ದು. ಮೂವರಲ್ಲಿ ಒಬ್ಬನಾದ ಮಹಮ್ಮದ್ ದರ್ವೇಶ್ ಖಾನನನ್ನು ವಿಜೇ ಲ ಬ್ರನ್ ಎಂಬ ಚಿತ್ರಗಾರ್ತಿ ಆಳೆತ್ತರಕ್ಕೆ ಬರೆದಳು. ಬಿಳಿ ಮಸ್ಲಿನ್ ಉಡುಪು, ಕೈಯಲ್ಲಿ ಕತ್ತಿ. ಇಂಗ್ಲಿಷರ ಮೇಲೆ ದಂಡು ಕೊಡಿ ಎಂದು ಕೇಳಲು ಹೋದವರು ಪಿಂಗಾಣಿ ಪಾತ್ರೆಗಳನ್ನು ಹೊತ್ತು, ಒಂದಿಷ್ಟು ಕಸುಬುದಾರರನ್ನು ಕರೆದುಕೊಂಡು ಹಿಂದಿರುಗಿದರು. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿ. ರೈತರು ಹಳ್ಳಿಹಳ್ಳಿಗಳಲ್ಲಿ ಶಾತೋಗಳಿಗೆ ನುಗ್ಗಿ ತಮ್ಮ ಬಿಟ್ಟಿ ಚಾಕರಿಯ, ಕಂದಾಯದ ಕಡತಗಳನ್ನು ಸುಟ್ಟರು, ಕೆಲವು ಕಡೆ ಮನೆಯನ್ನೇ ಸುಟ್ಟರು. ಆ ಸಿಟ್ಟಿಗೆ ಕಾರಣವಿತ್ತು. ಚೆಂದದ ಮಹಡಿಗಳನ್ನು ನೋಡಿ ಬೆರಗಾಗುವಾಗ, ಆ ಕಲ್ಲು ಹೊತ್ತವರ ಬೆನ್ನನ್ನೂ ನೆನೆಯಬೇಕು. ಇಲ್ಲಿಯ ಕಲ್ಲು ಹೊತ್ತವರ ಬೆನ್ನನ್ನೂ.

ಅದಾಗಿ ಎರಡು ವರ್ಷಕ್ಕೆ ನಮ್ಮ ಬೆಟ್ಟದ ಸರದಿ. ಸಾವನದುರ್ಗವನ್ನು ಮುತ್ತಿದ ಬಿಳಿಯರಲ್ಲಿ ಅರ್ಧ ಜನ ಕಾಡುಜ್ವರಕ್ಕೆ, ಇನ್ನರ್ಧ ಕತ್ತಿಗೆ ಬಲಿಯಾಗುತ್ತಾರೆಂದು ಟಿಪ್ಪು ನಂಬಿದ್ದನೆಂದು ಇಂಗ್ಲಿಷ್ ಬರಹಗಾರರು ಬರೆದಿದ್ದಾರೆ. ಆದದ್ದು ಬೇರೆ. 1791ರ ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟ್‌ನ ದಂಡು ಬೆಟ್ಟದ ಬುಡಕ್ಕೆ ಬಂತು. ಬಿದಿರುಮೆಳೆ ಕಡಿದು, ಕಲ್ಲುಮುಳ್ಳಿನ ನಡುವೆ ದಾರಿ ಮಾಡಿಕೊಂಡು ಭಾರಿ ತೋಪುಗಳನ್ನು ಎಳೆದು ತಂದರು. 17ರಂದು ತೋಪು ಹಾರಲು ಶುರುವಾಗಿ ಮೂರ್ನಾಲ್ಕು ದಿನದಲ್ಲಿ ಗೋಡೆ ಬಾಯಿಬಿಟ್ಟಿತು. 21ರ ಬೆಳಗ್ಗೆ, ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನೋಡುತ್ತಿದ್ದಂತೆ, ವಾದ್ಯ ಬಾರಿಸಿಕೊಂಡು ಹತ್ತಿದರು. ದುರ್ಗದ ನೆತ್ತಿ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡಾಗಿ ಸೀಳಿದೆ, ನಡುವೆ ಕಣಿವೆ. ಒಂದು ಕಡೆಯಿಂದ ಓಡಿದ ಕಾವಲಿನವರನ್ನು ಇನ್ನೊಂದು ಕಡೆಯ ಬಾಗಿಲೊಳಗೆ ಬಿಟ್ಟುಕೊಳ್ಳುವಷ್ಟರಲ್ಲಿ ಅಟ್ಟಿಸಿಕೊಂಡು ಬಂದವರೂ ಅವರ ಬೆನ್ನಿಗೇ ಒಳನುಗ್ಗಿದರು. ಕೋಟೆಯ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು, ಹಲವರು ಬಂಡೆಯಿಂದ ಜಾರಿಬಿದ್ದೇ ಸತ್ತರು. ಇಂಗ್ಲಿಷರು ಬರೆದುಕೊಂಡ ಲೆಕ್ಕದ ಪ್ರಕಾರ ದಾಳಿಯಲ್ಲಿ ಅವರ ಕಡೆ ಒಬ್ಬ ಸಿಪಾಯಿಗೆ ಗಾಯ, ಅಷ್ಟೇ. ಆ ವಾರದಲ್ಲೇ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಕೈಬಿಟ್ಟುಹೋದವು.

ಇದನ್ನು ಓದುವಾಗಲೆಲ್ಲ ನನಗೆ ನಾರ್ಮಂಡಿಯ ಶಾತೋ ಗೈಯಾರ್ ನೆನಪಾಗುತ್ತದೆ. ಇಂಗ್ಲೆಂಡಿನ ರಿಚರ್ಡ್ ದೊರೆ 1196ರಿಂದ ಎರಡೇ ವರ್ಷದಲ್ಲಿ ಸೇನ್ ನದಿಯ ಮೇಲಿನ ದಿಣ್ಣೆಯಲ್ಲಿ ಕಟ್ಟಿಸಿದ ಆ ಕೋಟೆಯನ್ನು ಯಾರೂ ಗೆಲ್ಲಲಾರರು ಎಂದುಕೊಂಡಿದ್ದರು. 1204ರಲ್ಲಿ ಬಿತ್ತು. ಅಲ್ಲೂ ಕೆಳಗಿನ ಊರಿನ ಜನ ಕೋಟೆಯೊಳಗೆ ಓಡಿಬಂದಿದ್ದರು. ಧಾನ್ಯ ಸಾಲದೆಂದು ಕೋಟೆಯವರು ಅವರನ್ನು ಹೊರಗೆ ನೂಕಿದರು, ಮುತ್ತಿಗೆ ಹಾಕಿದವರು ಹೋಗಲು ದಾರಿ ಬಿಡಲಿಲ್ಲ. ಚಳಿಗಾಲದಲ್ಲಿ ಎರಡು ಗೋಡೆಗಳ ನಡುವೆ ಹಸಿದು ಸತ್ತವರು ಆ ಬಡಜನ. ಕೋಟೆಯ ಬಾಗಿಲು ಯಾರಿಗೆ ತೆರೆಯಬೇಕು, ಯಾರಿಗೆ ಹಾಕಬೇಕು ಎಂಬ ಗಳಿಗೆ ಎರಡೂ ಕಡೆ ಬಂತು. ಎರಡೂ ಕಡೆ ಸತ್ತದ್ದು ದೊರೆಯಲ್ಲ.

ಫ್ರೆಂಚರಲ್ಲೂ ಎಲ್ಲವೂ ಉಳಿಯಲಿಲ್ಲ ಎಂಬುದನ್ನು ಹುಡುಗಿಗೆ ಹೇಳಿದೆ. 1626ರಲ್ಲಿ ರಿಶೆಲ್ಯೂ ಮಂತ್ರಿಯಾಗಿದ್ದಾಗ ಗಡಿಯಲ್ಲಿಲ್ಲದ ಕೋಟೆಗಳನ್ನೆಲ್ಲ ಕೆಡವಬೇಕೆಂದು ದೊರೆಯ ಆಜ್ಞೆಯೇ ಹೊರಟಿತು. ಕೂಸಿಯ ಐವತ್ತು ಮೀಟರಿಗೂ ಎತ್ತರದ ದುಂಡು ಗೋಪುರವನ್ನು 1917ರಲ್ಲಿ ಜರ್ಮನ್ ಸೇನೆ ಮದ್ದಿಟ್ಟು ಉರುಳಿಸಿತು. ಉಳಿದದ್ದನ್ನು ಅವರು ಕಾಪಾಡಿಕೊಂಡ ಬಗೆ ಮಾತ್ರ ಕಲಿಯುವಂಥದ್ದು. ಬರ್ಗಂಡಿಯ ಗೆದೆಲೋನ್ ಎಂಬಲ್ಲಿ 1997ರಿಂದ ಒಂದು ಹೊಸ ಕೋಟೆಯನ್ನು ಹದಿಮೂರನೆಯ ಶತಮಾನದ ಉಪಕರಣಗಳಿಂದಲೇ ಕಟ್ಟುತ್ತಿದ್ದಾರೆ. ಅಲ್ಲೇ ಕಲ್ಲು ಒಡೆದು, ಅಲ್ಲೇ ಮರ ಸೀಳಿ, ಅಲ್ಲೇ ಕಬ್ಬಿಣ ಬಡಿದು. ಹಳೆಯವರಿಗೆ ಏನು ಗೊತ್ತಿತ್ತು ಎಂಬುದನ್ನು ಕೈಯಿಂದಲೇ ತಿಳಿಯುವ ದಾರಿ ಅದು. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯ ಮರದ ಚಾವಣಿ ಸುಟ್ಟುಹೋದಾಗ, ಕೊಡಲಿಯಲ್ಲಿ ತೊಲೆ ಕೆತ್ತುವುದನ್ನು ಅಲ್ಲಿ ಕಲಿತಿದ್ದ ಬಡಗಿಗಳು ಕೆಲಸಕ್ಕೆ ಒದಗಿದರು.

ನಮ್ಮಲ್ಲಿ ಆ ವಿದ್ಯೆಯನ್ನು ಹೊಸದಾಗಿ ಹುಡುಕಬೇಕಾಗಿಲ್ಲ, ಬೆಂಕಿಯಿಂದ ಕಲ್ಲು ಎಬ್ಬಿಸಬಲ್ಲವರು, ಸುಣ್ಣಕ್ಕೆ ಬೆಲ್ಲ ಅಳಲೆಕಾಯಿ ನೀರು ಸೇರಿಸಿ ಗಾರೆ ಅರೆಯಬಲ್ಲವರು ಇನ್ನೂ ಇದ್ದಾರೆ. ಹಾಗಿದ್ದೂ ಹಳೆಯ ಗೋಡೆಯ ಸಂದಿಗೆ ಸಿಮೆಂಟು ಮೆತ್ತಿರುವುದನ್ನು ಕಂಡಾಗ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಸಿಮೆಂಟು ಉಸಿರಾಡುವುದಿಲ್ಲ. ಒಳಗೆ ಸೇರಿದ ಮಳೆನೀರು ಹೊರಬರಲಾರದೆ ಗೋಡೆಯ ಹೊಟ್ಟೆಯನ್ನು ಉಬ್ಬಿಸುತ್ತದೆ. ಚಕ್ಕೆ ಬಡಿದ ಒಣಗೋಡೆ ನಾಲ್ಕು ನೂರು ವರ್ಷ ನಿಂತದ್ದೇ ನೀರು ಸರಾಗವಾಗಿ ಹರಿದುಹೋಗುತ್ತಿದ್ದುದರಿಂದ.

ಹಬ್ಬದ ಮರುದಿನ ಹುಡುಗಿಯನ್ನು ಕರೆದುಕೊಂಡು ಸಾವನದುರ್ಗಕ್ಕೆ ಹೋದೆ. ವೀರಭದ್ರನಿಗೆ ಕಾಯಿ ಒಡೆಸಿ, ಬಿಸಿಲೇರುವ ಮುಂಚೆ ಬಂಡೆ ಹಿಡಿದೆವು. ಮೊದಲ ಗೋಡೆಯ ಹತ್ತಿರ ಅವಳನ್ನು ನಿಲ್ಲಿಸಿ ಅರ್ಧಗುಳಿಗಳ ಸಾಲು ತೋರಿಸಿದೆ. ಬೆರಳಿಟ್ಟು ಒಂದೊಂದಾಗಿ ಎಣಿಸಿದಳು, ಏಳು ಇದ್ದವು. ಆಮೇಲೆ ಫೋಟೋ ತೆಗೆಯುವುದನ್ನು ಬಿಟ್ಟು ಆ ಗುಳಿಗಳ ಇನ್ನರ್ಧವಿರುವ ಕಲ್ಲನ್ನು ಹುಡುಕತೊಡಗಿದಳು. ಅದು ಸಿಗಲಿಲ್ಲ. ಆದರೆ ಸ್ವಲ್ಪ ಮೇಲೆ, ದಾರಿಯಿಂದ ಆಚೆ, ಬೇರೊಂದು ಬಂಡೆಯ ಮೇಲೆ ಒಂಬತ್ತು ಪೂರ್ತಿ ಗುಳಿಗಳು ಸಾಲಾಗಿ ಸಿಕ್ಕವು. ಯಾರೋ ಗುಳಿ ತೋಡಿ ಮುಗಿಸಿದ್ದರು, ಬೆಣೆ ಇಡುವುದೊಂದು ಬಾಕಿ ಇತ್ತು. ದಂಡು ಬಂತೋ, ಕೂಲಿ ನಿಂತಿತೋ, ಗೋಡೆಗೆ ಕಲ್ಲು ಸಾಕೆಂದರೋ. ಹಿಂದಿನ ರಾತ್ರಿಯ ಮಳೆನೀರು ಒಂಬತ್ತರಲ್ಲೂ ತುಂಬಿ ನಿಂತಿತ್ತು. "ಇವನು ನಾಳೆ ಬಂದು ಸೀಳ್ತೀನಿ ಅಂದ್ಕೊಂಡಿದ್ದ ಅಲ್ವಾ ದೊಡ್ಡಪ್ಪ?" ಎಂದು ಕೇಳಿ, ಅವಳು ಆ ಬಂಡೆಯ ಪಕ್ಕದಲ್ಲೇ ಕೂತಳು.